ನಲವತ್ತೊಂದನೆಯ ಪುಟ

ವಾಗುರ್ ಬಂದರಿಗೆ ಬೆನ್ನು ಹಾಕಿ ಕೂತು
ಮುಳುಗಿದ ದೋಣಿಗಳ ಪುಸ್ತಕ ಜೋಡಿಸುತ್ತಿದ್ದೇನೆ.
ಎಪ್ಪತ್ತಮೂರು ದೋಣಿ, ಅರವತ್ತೆಂಟು ಚಿತ್ರ.

ಸಾಲುಗಳ ನಡುವೆ ಸುಮ್ಮನೆ ಬಿಟ್ಟರೆ
ನಿಲ್ಲುವುದಿಲ್ಲ ಇವು. ಜಾಗ ಸಾಲದೆಂದು
ಮುಂದಿನ ಪುಟಕ್ಕೆ, ಅಲ್ಲೂ ಸಾಲದೆ
ಅಧ್ಯಾಯದ ಕೊನೆಗೆ ತೇಲಿಹೋಗಿ
ಒಂದರ ಮೇಲೊಂದು ರಾಶಿ ಬೀಳುತ್ತವೆ,
ಬಿರುಗಾಳಿಯ ಮಾರನೆಯ ಬೆಳಗ್ಗೆ ದಂಡೆಯಲ್ಲಿ
ಹಲಗೆ, ಹುಟ್ಟು, ಒಂಟಿ ಬೂಟು.

ಅಬೆಲೋನಾಗೆ ಎಂಬತ್ತೊಂದು.
ಪುಸ್ತಕಕ್ಕೆ ಮನೆಮನೆ ಸುತ್ತಿ ದುಡ್ಡು ಕೂಡಿಸಿದವಳು.
ಕರಡಿನ ಮೇಲೆ ಬೆರಳೂರಿ ಕೇಳಿದಳು:
ಅಪ್ಪನ ಹೆಸರು ಇಲ್ಲಿದೆ. ದೋಣಿ ಎಲ್ಲಿ?
ಎಂಟು ಪುಟ ಆಚೆ, ಎಂದೆ.
ಅವತ್ತೂ ಹಾಗೇ ಆಯಿತು, ಎಂದಳು,
ಅಪ್ಪ ಒಂದು ಕಡೆ, ದೋಣಿ ಒಂದು ಕಡೆ.
ಪುಸ್ತಕದಲ್ಲಾದರೂ ಬೇಡ.

ಸರಿ, ಮೊಳೆ ಹೊಡೆದೆ.
ಎಡದಂಚಿನಿಂದ ಹದಿನೆಂಟು ಮಿಲಿಮೀಟರ್,
ಮೇಲಂಚಿನಿಂದ ತೊಂಬತ್ತಾರು.
ಇಲ್ಲೇ ಇರು.
ಮಾತು ಎತ್ತ ಹರಿದರೂ ನೀನು ಅಲುಗಬೇಡ.
ಅರವತ್ತೆಂಟಕ್ಕೂ ಹೀಗೆ ಎರಡೆರಡು ಅಂಕಿ,
ಎರಡು ರಾತ್ರಿ.
ಹಾನುಸ್ ಕಾಫಿ ಹಿಡಿದು ಹಿಂದೆ ನಿಂತು ನೋಡಿ
ಕಡಲಿಗೂ ಇಷ್ಟು ವಿಧೇಯತೆ ಇದ್ದಿದ್ದರೆ
ನಿನಗೆ ಈ ಕೆಲಸ ಸಿಗುತ್ತಿರಲಿಲ್ಲ, ಎಂದ.

ಚಿತ್ರವಿಲ್ಲದ ಐದು ದೋಣಿಗೆ
ಅದೇ ಅಳತೆಯ ಬಿಳಿ ಚೌಕ ಬಿಟ್ಟೆ.
ಅಚ್ಚಾಗುವುದು ಲಿಥುವೇನಿಯದಲ್ಲಿ; ಅಲ್ಲಿಂದ ಫೋನು:
ಐದು ಕಡೆ ಏನೋ ಬಿಟ್ಟುಹೋದಂತಿದೆಯಲ್ಲ?
ಹೌದು, ಎಂದೆ.
ಸ್ವಲ್ಪ ಹೊತ್ತು ಅವನೂ ಮಾತಾಡಲಿಲ್ಲ.

ಇನ್ನೇನು ಕಳಿಸಬೇಕು, ಸ್ಯಾಂಡ್‌ವೀಕಿನಿಂದ ಕಾಗದ ಬಂತು.
ಮೂವತ್ತೇಳನೆಯ ಪುಟದ ದೋಣಿಯಲ್ಲಿ ಇನ್ನೊಬ್ಬನಿದ್ದ.
ಸಕಾರಿಸ್, ವಯಸ್ಸು ಹದಿಮೂರು.
ಪಟ್ಟಿಯಲ್ಲಿಲ್ಲ, ಕೂಲಿ ಕೊಟ್ಟ ಲೆಕ್ಕದಲ್ಲಿಲ್ಲ;
ಅಡುಗೆಗೆಂದು ಹೋದವನು.
ಸೇರಿಸಿದೆ. ಎರಡು ಸಾಲು ಹಿಡಿದ ಹುಡುಗ.

ಎರಡೇ ಸಾಲು. ಮೂವತ್ತೇಳು ಮೂವತ್ತೆಂಟನ್ನು ನೂಕಿತು,
ಅದು ಮುಂದಿನದನ್ನು, ಅದು ಅದರ ಮುಂದಿನದನ್ನು,
ಬೆಂಚಿನ ತುದಿಗೆ ಒಬ್ಬ ಬಂದು ಕೂತರೆ
ಇಡೀ ಬೆಂಚು ಸರಿಯುವ ಹಾಗೆ.
ಅಬೆಲೋನಾಳ ಅಪ್ಪ ಕೊನೆಯಲ್ಲಿದ್ದ ಪಾಪ,
ನಲವತ್ತೆರಡನೆಯ ಪುಟಕ್ಕೆ ಉರುಳಿಬಿದ್ದ.
ದೋಣಿ ಮಾತ್ರ ನಾನು ಹೇಳಿದಲ್ಲೇ, ಎಂಥ ನಿಷ್ಠೆ!
ಹದಿನೆಂಟು, ತೊಂಬತ್ತಾರು.
ಅದರ ಬಗಲಲ್ಲಿ ಈಗ
ಬೇಲಿಯ ಜಗಳದಲ್ಲಿ ಹನ್ನೊಂದು ವರ್ಷ
ಅಪ್ಪನ ಜೊತೆ ಮಾತು ಬಿಟ್ಟಿದ್ದ ನೆರೆಯವನ ಹೆಸರು.

ಮೊಳೆ ಸಡಿಲವಾಗಿಲ್ಲ.
ಹಲಗೆಯೇ ಸರಿದರೆ ಮೊಳೆ ಏನು ಮಾಡೀತು?

ಅಂಕಿ ಬದಲಿಸಬಹುದಿತ್ತು. ಬದಲಿಸಲಿಲ್ಲ.
ಎರಡು ಸಾಲು ಎಲ್ಲಾದರೂ ಸಿಗುತ್ತದೆಯೇ ಎಂದು
ಸತ್ತವರ ನಡುವೆ ಹುಡುಕುತ್ತ ಹೋದೆ.
ಹೆಸರು ತೆಗೆಯುವಂತಿಲ್ಲ. ತಾರೀಖು ತೆಗೆಯುವಂತಿಲ್ಲ.
ಗಾಳಿ ಯಾವ ದಿಕ್ಕಿನದೆಂದು ಬರೆದಿದ್ದಾರೆ, ಅದೂ ಇರಲಿ.
ಮೂವತ್ತೊಂಬತ್ತರಲ್ಲಿ ಮೇಷ್ಟ್ರು ಬರೆದ ಮಾತು ಕಂಡಿತು:
ಕಡಲೇ ನಮ್ಮ ತಾಯಿ, ಕಡಲೇ ನಮ್ಮ ತೊಟ್ಟಿಲು,
ಇತ್ಯಾದಿ.
ಸರಿಯಾಗಿ ಎರಡು ಸಾಲು. ಹೊಡೆದುಹಾಕಿದೆ.

ಮೇಷ್ಟ್ರು ಮುನಿಸಿಕೊಂಡಿದ್ದಾರೆ; ಉತ್ತರ ಬರೆಯಬೇಕು.

ಕೊನೆಯ ಕರಡಿನಲ್ಲಿ ಅಬೆಲೋನಾ
ನಲವತ್ತೊಂದನ್ನು ತೆರೆದು, ದೋಣಿಯ ಮೇಲೊಂದು ಹೆಬ್ಬೆರಳು,
ಹೆಸರಿನ ಮೇಲೊಂದು, ದೂರ ನೋಡಿದಳು.
ತಲೆಯಾಡಿಸಿದಳು. ಆಮೇಲೆ, ಯಾಕೋ,
ಹಿಂದಕ್ಕೆ ಮಗುಚಿ ಮೂವತ್ತೇಳಕ್ಕೆ ಬಂದು
ಓದಿ, ಕನ್ನಡಕ ಒರೆಸಿ, ಮತ್ತೆ ಓದಿ,
ಅಡುಗೆ ಏನಿತ್ತೋ ಅವತ್ತು, ಎಂದಳು.